ಚಾರ್ಟರ್ ಶಾಲೆಗೆ ಟೈಟಲ್ ಒನ್ ಅನುದಾನ: ಯೋಜನೆ ಮತ್ತು ವರದಿಗಳನ್ನು ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ – ಆಡಳಿತ ಮಂಡಳಿಯ ಸದಸ್ಯೆ, ಕ್ಯಾಲಿಫೋರ್ನಿಯಾ

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿನ, ಸರ್ಕಾರದ ಹಣದಿಂದ ನಡೆದರೂ ಸ್ವಂತ ಆಡಳಿತವಿರುವ ಒಂದು ಸಣ್ಣ ಚಾರ್ಟರ್ ಶಾಲೆಯ ಆಡಳಿತ ಮಂಡಳಿಯಲ್ಲಿ ಪೋಷಕರ ಪ್ರತಿನಿಧಿಯಾಗಿದ್ದೇನೆ. ಈಗ ಐದನೇ ತರಗತಿಯವರೆಗೆ ಇರುವ ಶಾಲೆಗೆ ಮುಂದಿನ ಆಗಸ್ಟ್‌ನಲ್ಲಿ ಆರನೇ ತರಗತಿ ಸೇರಲಿದೆ. ಅದೇ ವರ್ಷ ಟೈಟಲ್ ಒನ್ ಹಣಕ್ಕೂ (ಬಡ ಮಕ್ಕಳು ಹೆಚ್ಚಿರುವ ಶಾಲೆಗಳಿಗೆ ಕೇಂದ್ರದ ಫೆಡರಲ್ ಸರ್ಕಾರ ಕೊಡುವ ಅನುದಾನ) ಮೊದಲ ಬಾರಿಗೆ ಅರ್ಜಿ ಹಾಕಬೇಕೆಂದು ಮಂಡಳಿ ನಿರ್ಧರಿಸಿದೆ. ನಮ್ಮ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಕಡಿಮೆ ವರಮಾನದ ಮನೆಗಳಿಂದ ಬರುವವರು. ಆದರೆ ಹೊರಗಿನ ಸಲಹೆಗಾರರೊಬ್ಬರು ಸಿದ್ಧಪಡಿಸಿಕೊಟ್ಟ ಕರಡು ಯೋಜನೆಯನ್ನು ಓದಿದಾಗ ಮನಸ್ಸಿಗೆ ಕಸಿವಿಸಿಯಾಯಿತು. ಅದರಲ್ಲಿ ನಮ್ಮಲ್ಲಿಲ್ಲದ ಪ್ರೌಢಶಾಲಾ ತರಗತಿಗಳ ಪ್ರಸ್ತಾಪವಿದೆ. ನಮ್ಮ ಮಕ್ಕಳು ಓದಿನಲ್ಲಿ ಎಲ್ಲಿ ಎಡವುತ್ತಿದ್ದಾರೆ ಎಂಬುದರ ಬಗ್ಗೆ ಒಂದು ಸಾಲೂ ಇಲ್ಲ. ಇದನ್ನು ತಿದ್ದಿದರೆ ಸಾಕೇ, ಮೊದಲಿನಿಂದ ಬರೆಯಬೇಕೇ? ಯಾವ ವರದಿ ಯಾವಾಗ ಹೋಗಬೇಕು? ಅನುಭವವುಳ್ಳವರು ದಯವಿಟ್ಟು ತಿಳಿಸಿಕೊಡಿ.

ಉತ್ತರ 1 – ಚಾರ್ಟರ್ ಶಾಲೆಗಳ ಲೆಕ್ಕಪತ್ರ ನೋಡಿಕೊಳ್ಳುವವರು

ಮೇಡಂ, ಆ ಕರಡನ್ನು ಬದಿಗಿಟ್ಟು ಮೊದಲಿನಿಂದಲೇ ಬರೆಯಿರಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಅದಕ್ಕೂ ಮೊದಲು ನಿಮ್ಮ ಶಾಲೆ ನೇರವಾಗಿ ಹಣ ಪಡೆಯುವ ಚಾರ್ಟರ್ ಶಾಲೆಯೇ, ಪರವಾನಗಿ ಕೊಟ್ಟ ಡಿಸ್ಟ್ರಿಕ್ಟಿನ (ಸ್ಥಳೀಯ ಸರ್ಕಾರಿ ಶಾಲೆಗಳನ್ನು ನಡೆಸುವ ಆಡಳಿತ ಘಟಕದ) ಮೂಲಕ ಪಡೆಯುವುದೇ ಎಂಬುದನ್ನು ಖಚಿತಪಡಿಸಿಕೊಳ್ಳಿ. ನೇರವಾಗಿ ಪಡೆಯುವುದಾದರೆ ಫೆಡರಲ್ ಅನುದಾನದ ಮಟ್ಟಿಗೆ ನಿಮ್ಮ ಒಂದೇ ಶಾಲೆ ಒಂದು ಇಡೀ ಡಿಸ್ಟ್ರಿಕ್ಟಿಗೆ ಸಮ. ಎಲ್‌ಕ್ಯಾಪ್‌ಗೆ, ಅಂದರೆ ಶಾಲೆಯ ಗುರಿ ಮತ್ತು ಖರ್ಚುಗಳನ್ನು ತಿಳಿಸುವ ರಾಜ್ಯದ ಯೋಜನಾ ದಾಖಲೆಗೆ, ಫೆಡರಲ್ ಅನುಬಂಧ ಸೇರಿಸುವುದು, ಹಲವು ಫೆಡರಲ್ ಅನುದಾನಗಳಿಗೆ ಒಟ್ಟಾಗಿ ಹಾಕುವ ಸಂಯುಕ್ತ ಅರ್ಜಿಯನ್ನು ರಾಜ್ಯ ಶಿಕ್ಷಣ ಇಲಾಖೆಗೆ ಪ್ರತಿವರ್ಷ ಸಲ್ಲಿಸುವುದು, ಇವೆಲ್ಲ ನಿಮ್ಮ ಮಂಡಳಿಯದೇ ಹೊಣೆ.

ಕಡಿಮೆ ವರಮಾನದ ಮಕ್ಕಳು ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚು ಇದ್ದರೆ ಈ ಹಣವನ್ನು ಇಡೀ ಶಾಲೆಯ ಸುಧಾರಣೆಗೆ ಬಳಸುವ ಯೋಜನೆ ಮಾಡಬಹುದು. ಇಲ್ಲವಾದರೆ ಗುರುತಿಸಿದ ಮಕ್ಕಳಿಗೆ ಮಾತ್ರ ಬಳಸಬೇಕಾಗುತ್ತದೆ. ಇಲ್ಲೊಂದು ತೊಡಕಿದೆ. 2022-23ರಿಂದ ಕ್ಯಾಲಿಫೋರ್ನಿಯಾದ ಶಾಲೆಗಳಲ್ಲಿ ಎಲ್ಲ ಮಕ್ಕಳಿಗೂ ಊಟ ಉಚಿತವಾಗಿರುವುದರಿಂದ, ವರಮಾನದ ನಮೂನೆಯನ್ನು ತುಂಬಿಕೊಡಬೇಕೆಂಬ ಒತ್ತಾಯ ಪೋಷಕರಿಗೆ ಮೊದಲಿನಷ್ಟು ತಟ್ಟುವುದಿಲ್ಲ. ನಮೂನೆ ಬಾರದಿದ್ದರೆ ಬಡ ಮಕ್ಕಳು ಲೆಕ್ಕದಿಂದಲೇ ಬಿಟ್ಟುಹೋಗುತ್ತಾರೆ. ಶಾಲೆ ತೆರೆದ ಮೊದಲ ವಾರದಲ್ಲೇ, ಊಟದ ಅರ್ಜಿಯ ಬದಲಿಗೆ ವರಮಾನ ತಿಳಿಸುವ ಪರ್ಯಾಯ ನಮೂನೆಯನ್ನು ಪೋಷಕರ ಭಾಷೆಯಲ್ಲಿ ಹಂಚಿ, ಅಕ್ಟೋಬರ್‌ನ ಮೊದಲ ಬುಧವಾರ ನಡೆಯುವ ರಾಜ್ಯದ ದಾಖಲಾತಿ ಎಣಿಕೆಗೆ ಮುನ್ನ ಸಂಗ್ರಹಿಸಿಬಿಡಿ.

ಆರನೇ ತರಗತಿಯ ವಿಷಯ ಎಲ್ಲಕ್ಕಿಂತ ತುರ್ತಿನದು. ಹೊಸ ತರಗತಿ ಸೇರಿ ಮಕ್ಕಳ ಸಂಖ್ಯೆ ಗಣನೀಯವಾಗಿ ಏರುವುದಾದರೆ ಅದನ್ನು ಫೆಡರಲ್ ನಿಯಮ ಮಹತ್ವದ ವಿಸ್ತರಣೆ ಎಂದು ಪರಿಗಣಿಸುತ್ತದೆ. ಕನಿಷ್ಠ 120 ದಿನ ಮೊದಲು ನೀವು ರಾಜ್ಯ ಶಿಕ್ಷಣ ಇಲಾಖೆಗೆ ಲಿಖಿತವಾಗಿ ತಿಳಿಸಿದರೆ, ವಿಸ್ತರಣೆಯಾದ ಐದು ತಿಂಗಳೊಳಗೆ ಹೆಚ್ಚಿದ ಮಕ್ಕಳ ಪಾಲಿನ ಹಣ ನಿಮಗೆ ತಲುಪುವಂತೆ ರಾಜ್ಯ ನೋಡಿಕೊಳ್ಳಬೇಕು. ಆಗಸ್ಟ್‌ನಲ್ಲಿ ತರಗತಿ ಆರಂಭವೆಂದರೆ ಏಪ್ರಿಲ್ ಆರಂಭದೊಳಗೇ ಆ ಪತ್ರ ಹೋಗಿರಬೇಕು.

ಉತ್ತರ 2 – ಪ್ರಾಥಮಿಕ ಶಾಲಾ ಶಿಕ್ಷಕಿ

ಯೋಜನೆಯ ಒಳತಿರುಳಿನ ಬಗ್ಗೆ ನನ್ನದೊಂದು ಮಾತು. ಕಾನೂನು ಮೊದಲು ಕೇಳುವುದು ಶಾಲೆಯ ಸಮಗ್ರ ಅಗತ್ಯಗಳ ಸಮೀಕ್ಷೆಯನ್ನು, ಆಮೇಲೆ ಯೋಜನೆಯನ್ನು. ನಿಮ್ಮ ಕರಡಿನಲ್ಲಿ ಕಾಣೆಯಾಗಿರುವುದು ಆ ಮೊದಲ ಹೆಜ್ಜೆಯೇ. ನಮ್ಮ ಶಾಲೆಯಲ್ಲಿ ಪರೀಕ್ಷೆಯ ಅಂಕಗಳನ್ನಷ್ಟೇ ನೋಡಿ ಗಣಿತಕ್ಕೆ ಹೊಸ ಸಾಫ್ಟ್‌ವೇರ್ ಕೊಳ್ಳಲು ಹೊರಟಿದ್ದೆವು. ಹಾಜರಾತಿಯನ್ನು ಪಕ್ಕದಲ್ಲಿಟ್ಟು ನೋಡಿದಾಗ ಹಿಂದುಳಿದ ಮಕ್ಕಳಲ್ಲಿ ಬಹಳಷ್ಟು ಮಂದಿ ಸೋಮವಾರಗಳಂದು ಶಾಲೆಗೇ ಬರುತ್ತಿರಲಿಲ್ಲ ಎಂಬುದು ಕಂಡಿತು. ಮನೆಮನೆಗೆ ಫೋನ್ ಮಾಡಿ ಕಾರಣ ತಿಳಿದ ಮೇಲೆ ಇಡೀ ಯೋಜನೆಯ ದಿಕ್ಕೇ ಬದಲಾಯಿತು. ಮಕ್ಕಳನ್ನು ಕಾಣದೆ ಬರೆದ ಯೋಜನೆಯಿಂದ ಇಂಥದ್ದು ಹೊರಬರಲು ಸಾಧ್ಯವೇ ಇಲ್ಲ.

ಪೋಷಕರೂ ಶಿಕ್ಷಕರೂ ಯೋಜನೆ ಬರೆಯುವಾಗಲೇ ಜೊತೆಗಿರಬೇಕು, ಸಹಿ ಹಾಕಲು ಮಾತ್ರ ಕರೆಯುವಂತಿಲ್ಲ. ಹಣ ಬಂದ ಮೇಲೆ ವರ್ಷಕ್ಕೊಮ್ಮೆ ಟೈಟಲ್ ಒನ್ ಪೋಷಕರ ಸಭೆ ಕಡ್ಡಾಯ, ಶಾಲೆ ಮತ್ತು ಪೋಷಕರ ನಡುವಿನ ಒಡಂಬಡಿಕೆಯೂ ಕಡ್ಡಾಯ. ಕರ್ನಾಟಕದ ಸರ್ಕಾರಿ ಶಾಲೆಗಳ ಎಸ್‌ಡಿಎಂಸಿ ಸಭೆಗಳನ್ನು ಕಂಡವರಿಗೆ ಇದು ಅಪರಿಚಿತವೇನಲ್ಲ. ಸಾಮಾನ್ಯವಾಗಿ ಇಡೀ ಶಾಲೆಯ ಯೋಜನೆ ರೂಪಿಸಲು ಕಾನೂನು ಒಂದು ವರ್ಷದ ಅವಧಿಯನ್ನು ಕೊಡುತ್ತದೆ, ಆದ್ದರಿಂದ ಅವಸರದಲ್ಲಿ ಪುಟ ತುಂಬಿಸಬೇಡಿ.

ಉತ್ತರ 3 – ನಿವೃತ್ತ ಲೆಕ್ಕಪರಿಶೋಧಕರು

ಹಿಂದಿನ ಇಬ್ಬರ ಮಾತಿಗೂ ನನ್ನ ಒಪ್ಪಿಗೆಯಿದೆ. ಪರಿಶೋಧಕನಾಗಿ ನಾನು ಹುಡುಕುತ್ತಿದ್ದದ್ದು ಒಂದು ಎಳೆಯನ್ನು: ಸಮೀಕ್ಷೆಯಲ್ಲಿ ಕಂಡ ಕೊರತೆ, ಅದಕ್ಕೆ ಯೋಜನೆಯಲ್ಲಿ ಬರೆದ ಉಪಾಯ, ಆ ಉಪಾಯಕ್ಕೆ ಆಯವ್ಯಯದಲ್ಲಿ ಇಟ್ಟ ಹಣ, ಆ ಹಣದಿಂದ ಸಂಬಳ ಪಡೆದವರ ಕೆಲಸದ ದಾಖಲೆ. ಈ ನಾಲ್ಕರಲ್ಲಿ ಎಲ್ಲಾದರೂ ಎಳೆ ಕಡಿದಿದ್ದರೆ ಹಣ ಹಿಂದಿರುಗಿಸಬೇಕಾದ ಪ್ರಸಂಗ ಬರಬಹುದು. ಓದಿನಲ್ಲಿ ಹಿಂದುಳಿದ ಮಕ್ಕಳಿಗಾಗಿ ಅರ್ಧ ದಿನದ ಶಿಕ್ಷಕರನ್ನು ಈ ಹಣದಿಂದ ನೇಮಿಸಿದರೆ, ಆ ಅರ್ಧ ದಿನ ಅವರು ಅದೇ ಕೆಲಸ ಮಾಡಿದರೆಂಬುದಕ್ಕೆ ಸಹಿ ಮಾಡಿದ ದಾಖಲೆ ಆಗಿಂದಾಗ್ಗೆ ಸಿದ್ಧವಾಗಬೇಕು. ವರ್ಷದ ಕೊನೆಯಲ್ಲಿ ನೆನಪಿನಿಂದ ಬರೆದದ್ದನ್ನು ನಾವು ಒಪ್ಪುತ್ತಿರಲಿಲ್ಲ. ರಾಜ್ಯದ ಹಣದಿಂದ ನಡೆಯಬೇಕಾದ ಖರ್ಚನ್ನು ಟೈಟಲ್ ಒನ್ ತಲೆಗೆ ಕಟ್ಟುವಂತೆಯೂ ಇಲ್ಲ.

ಇನ್ನು ದಿನಾಂಕಗಳು. ಕ್ಯಾಲಿಫೋರ್ನಿಯಾದ ಕಾನೂನಿನಂತೆ ಆಯವ್ಯಯ ಮತ್ತು ಎಲ್‌ಕ್ಯಾಪ್ ಜುಲೈ 1ರೊಳಗೆ, ಪರಿಶೋಧನೆಗೆ ಮುಂಚಿನ ವಾರ್ಷಿಕ ಲೆಕ್ಕ ಸೆಪ್ಟೆಂಬರ್ 15ರೊಳಗೆ, ಮೊದಲ ಮಧ್ಯಂತರ ವರದಿ ಮತ್ತು ಹಿಂದಿನ ವರ್ಷದ ಪರಿಶೋಧನಾ ವರದಿ ಡಿಸೆಂಬರ್ 15ರೊಳಗೆ, ಎರಡನೇ ಮಧ್ಯಂತರ ವರದಿ ಮಾರ್ಚ್ 15ರೊಳಗೆ ಹೋಗಬೇಕು. ಇವು ರಾಜ್ಯದ ವರದಿಗಳೇ ಆದರೂ, ಇವುಗಳ ಅಂಕಿಗಳು ಫೆಡರಲ್ ಅರ್ಜಿಯ ಅಂಕಿಗಳೊಡನೆ ತಾಳೆಯಾಗಲೇಬೇಕು. ವರ್ಷವೊಂದರಲ್ಲಿ ಎಲ್ಲ ಫೆಡರಲ್ ಮೂಲಗಳಿಂದ ಮಾಡಿದ ಖರ್ಚು 10 ಲಕ್ಷ ಡಾಲರ್ ಮುಟ್ಟಿದರೆ ಪ್ರತ್ಯೇಕ ಫೆಡರಲ್ ಪರಿಶೋಧನೆ ನಡೆಯಬೇಕು. 2024ರ ಅಕ್ಟೋಬರ್‌ಗೆ ಮೊದಲು ಆರಂಭವಾದ ಹಣಕಾಸು ವರ್ಷಗಳಿಗೆ ಈ ಮಿತಿ 7.5 ಲಕ್ಷ ಡಾಲರ್ ಇತ್ತು.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಹೃತ್ಪೂರ್ವಕ ಕೃತಜ್ಞತೆಗಳು. 120 ದಿನಗಳ ವಿಷಯ ನಮ್ಮ ಮಂಡಳಿಯಲ್ಲಿ ಯಾರ ಗಮನಕ್ಕೂ ಬಂದಿರಲಿಲ್ಲ. ಸಾರ್ವಜನಿಕ ಮಂಡಳಿಗಳ ಸಭೆಗಳು ಬಹಿರಂಗವಾಗಿರಬೇಕೆನ್ನುವ ಕ್ಯಾಲಿಫೋರ್ನಿಯಾದ ಬ್ರೌನ್ ಕಾಯ್ದೆಯಂತೆ ಸಭೆಗೆ 72 ಗಂಟೆ ಮೊದಲು ಕಾರ್ಯಸೂಚಿ ಪ್ರಕಟವಾಗಬೇಕಾದ್ದರಿಂದ, ಸೂಚನಾ ಪತ್ರ, ಪೋಷಕರ ಸಮಿತಿಯ ರಚನೆ ಮತ್ತು ಹಳೆಯ ಕರಡನ್ನು ಕೈಬಿಡುವ ಪ್ರಸ್ತಾವ, ಈ ಮೂರನ್ನೂ ಇಂದೇ ಅಧ್ಯಕ್ಷರಿಗೆ ಬರೆದು ಕಳುಹಿಸುತ್ತಿದ್ದೇನೆ.