ಪದಚರ್ಚೆ: ಕಾಡಿಗೆ ‘ಮೇಲ್ವಿಚಾರಣೆ’ ಬೇಕಾ, ‘ನಿಗಾ’ ಸಾಕಾ?

ಎಲ್ಲರಿಗೂ ನಮಸ್ಕಾರ.

‘ಮಾನಿಟರಿಂಗ್’ಗೆ ನೀವು ಕನ್ನಡದಲ್ಲಿ ಏನು ಹೇಳುತ್ತೀರಿ? ಕಾಡಿನ ವಿಷಯದಲ್ಲಿ ಕೇಳುತ್ತಿದ್ದೇನೆ. ವರ್ಷಾ ವರ್ಷಾ ಅದೇ ಜಾಗಕ್ಕೆ ಹೋಗಿ, ಮರ ಎಷ್ಟಿವೆ, ಕಾಯಿ ಎಷ್ಟು ಹಿಡಿದಿದೆ, ಕಳೆ ಎಲ್ಲಿಯ ತನಕ ಬಂತು ಅಂತ ನೋಡಿ ಬರೆದಿಡುವ ಕೆಲಸಕ್ಕೆ ಒಂದು ಪದ ಬೇಕು.

ಪುಣೆಯಲ್ಲಿ ನಮ್ಮ ಪಕ್ಕದ ಮನೆಯವರು ಮಾವಳ ಕಡೆಯ ದೇವರಾಯಿಗಳಿಗೆ ಹೋಗಿ ಮರ ಎಣಿಸುವ ಗುಂಪಿನಲ್ಲಿದ್ದಾರೆ. ದೇವರಾಯಿ ಅಂದರೆ ನಮ್ಮ ದೇವರಕಾಡು. ಊರವರೇ ತಮ್ಮ ಕಾಡನ್ನು ಹೇಗೆ ಗಮನಿಸಬಹುದು ಅಂತ ಅವರು ಮರಾಠಿಯಲ್ಲಿ ಒಂದು ಸಣ್ಣ ಪುಸ್ತಿಕೆ ಮಾಡಿದ್ದಾರೆ. ಅದನ್ನು ನಾಗರಹೊಳೆ, ಬಂಡೀಪುರದ ಸುತ್ತಿನ ಹಳ್ಳಿಗಳಿಗೂ ಕಾಡುಜನರ ಊರುಗಳಾದ ಹಾಡಿಗಳಿಗೂ ಕನ್ನಡದಲ್ಲಿ ಮಾಡಿಕೊಡಿ ಅಂತ ನನಗೆ ಕೊಟ್ಟರು. ಖುಷಿಯಿಂದ ಒಪ್ಪಿಕೊಂಡೆ. ನಮ್ಮ ಅಮ್ಮನ ತವರು ಎಚ್.ಡಿ. ಕೋಟೆ ಕಡೆಯದು.

ಕೂತಾಗ ಗೊತ್ತಾಯಿತು, ಮರಾಠಿಯಿಂದ ತರುವಾಗ ಕಷ್ಟದ ಪದಗಳಿಗಿಂತ ಸುಲಭ ಅನ್ನಿಸುವ ಪದಗಳೇ ಜಾಸ್ತಿ ದಾರಿ ತಪ್ಪಿಸುತ್ತವೆ. ಅವರ ‘ನಿಸರ್ಗ ಸಂವರ್ಧನ’ವನ್ನು ನಾನು ಸೀದಾ ‘ನಿಸರ್ಗ ಸಂವರ್ಧನೆ’ ಅಂತ ಬರೆದುಬಿಟ್ಟಿದ್ದೆ. ನಮ್ಮಲ್ಲಿ ಸಂವರ್ಧನೆ ಅಂದರೆ ಬೆಳೆಸುವುದು. ಮರಾಠಿಯಲ್ಲಿ ಇರುವುದನ್ನು ಉಳಿಸಿ ಕಾಪಾಡುವುದಕ್ಕೂ ಅದೇ ಪದ. ಅದಕ್ಕೆ ನಾವು ‘ಸಂರಕ್ಷಣೆ’ ಅನ್ನುತ್ತೇವೆ, ಆದರೆ ‘ಸಂರಕ್ಷಣ’ ಅಂದರೆ ಅವರಿಗೆ ಸೈನ್ಯ, ಗಡಿ ನೆನಪಾಗುತ್ತದೆ. ರಕ್ಷಣಾ ಸಚಿವರು ಅಲ್ಲಿ ‘ಸಂರಕ್ಷಣ ಮಂತ್ರಿ’. ಇನ್ನು ‘ಶಾಶ್ವತ ವಿಕಾಸ’. ಅದು ನಮ್ಮ ‘ಸುಸ್ಥಿರ ಅಭಿವೃದ್ಧಿ’. ಹಾಗೇ ಬಿಟ್ಟಿದ್ದರೆ ಕನ್ನಡದಲ್ಲಿ ಓದಿದವರಿಗೆ ಶಾಲೆಯ ಜೀವವಿಕಾಸದ ಪಾಠ ನೆನಪಾಗುತ್ತಿತ್ತು. ‘ಸುಸ್ಥಿರ’ವೂ ಎಲ್ಲರ ಬಾಯಲ್ಲಿರುವ ಮಾತಲ್ಲ, ಅಲ್ವಾ? ‘ಮಕ್ಕಳ ಕಾಲಕ್ಕೂ ಉಳಿಯುವ ಹಾಗೆ ಬಾಳುವುದು’ ಅಂತ ಬರೆದು ಮುಂದೆ ಹೋದೆ.

ಸಿಕ್ಕಿಹಾಕಿಕೊಂಡದ್ದು ಮಾನಿಟರಿಂಗ್‌ನಲ್ಲಿ. ಸರ್ಕಾರಿ ಕಾಗದಗಳಲ್ಲಿ ‘ಮೇಲ್ವಿಚಾರಣೆ’ ಅಂತ ಇರುತ್ತದೆ. ನಾನೂ ಅದನ್ನೇ ಹಾಕಿದ್ದೆ. ಅಮ್ಮನಿಗೆ ಓದಿ ಹೇಳಿದೆ. ‘ವಿಚಾರಣೆ ಯಾಕಪ್ಪಾ, ಯಾರಾದರೂ ಮರ ಕಡಿದಿದ್ದಾರಾ?’ ಅಂತ ಕೇಳಿದರು. ಆ ಪ್ರಶ್ನೆ ಸರಿಯಾಗಿಯೇ ಇದೆ. ವಿಚಾರಣೆ ಅಂದರೆ ಹಳ್ಳಿಯವರಿಗೆ ಠಾಣೆ, ಕೋರ್ಟು. ಅದರ ಮುಂದೆ ‘ಮೇಲ್’ ಸೇರಿದರೆ ಮೇಲೆ ನಿಂತು ಕೆಳಗಿನವರ ಕೆಲಸ ನೋಡುವವರು, ಹಾಸ್ಟೆಲ್ ಮೇಲ್ವಿಚಾರಕರ ಹಾಗೆ. ಕಾಡಿನ ಮೇಲ್ವಿಚಾರಣೆ ಅಂದಕೂಡಲೇ ಅದು ಹೊರಗಿನಿಂದ ಬರುವ ಇನ್ಯಾರದೋ ಕೆಲಸ ಆಗಿಬಿಡುತ್ತದೆ. ‘ಉಸ್ತುವಾರಿ’ಗೂ ಇದೇ ತೊಂದರೆ. ‘ಗಸ್ತು’, ‘ಕಾವಲು’ ಕಳ್ಳರನ್ನು ತಡೆಯುವ ಮಾತುಗಳು.

ಆ ಕೆಲಸ ನಿಜವಾಗಿ ಹೇಗಿರುತ್ತದೆ ನೋಡಿ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ನೆಲ್ಲಿಕಾಯಿ ಕೀಳುವವರು. ಈ ಸಲ ಫಸಲು ಎಷ್ಟು, ಎಷ್ಟು ಕಿತ್ತರೆ ಮರಕ್ಕೂ ಪ್ರಾಣಿಗಳಿಗೂ ಉಳಿಯುತ್ತದೆ ಅಂತ ಅಂದಾಜು ಮಾಡುವ ಕೆಲಸವನ್ನು ಅವರು ಏಟ್ರೀ (ATREE) ಅನ್ನುವ ಪರಿಸರ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳ ಜೊತೆ ಸೇರಿ ಮಾಡಿದರು. ನೆಲ್ಲಿ ಮರಗಳನ್ನು ಬದನಿಕೆ (ಮರದ ಮೇಲೇ ಬೆಳೆದು ಅದರ ಸಾರ ಹೀರುವ ಗಿಡ) ತಿನ್ನುತ್ತಿದೆ, ಲಂಟಾನ ಕಳೆ ಹಬ್ಬುತ್ತಿದೆ ಅಂತ ಸೋಲಿಗರು ಹೇಳುತ್ತಲೇ ಬಂದರು. ಹಿಂದೆ ಬೇಸಿಗೆಯ ಶುರುವಿನಲ್ಲಿ ಅವರು ತರಗೆಲೆಗೆ ಹಾಕುತ್ತಿದ್ದ ಸಣ್ಣ ಬೆಂಕಿ ನಿಂತದ್ದೇ ಇದಕ್ಕೆ ಕಾರಣ ಅನ್ನುವುದು ಅವರ ಮಾತು. ಆ ಸಣ್ಣ ಬೆಂಕಿಗೆ ಅವರಲ್ಲಿ ‘ತರಗುಬೆಂಕಿ’ ಅಂತ ಹೆಸರೇ ಇದೆ. ಎಷ್ಟು ಚೆಂದದ ಪದ! ದೊಡ್ಡ ಕಾಡ್ಗಿಚ್ಚು ಬೇರೆ, ತರಗುಬೆಂಕಿ ಬೇರೆ. ಇಷ್ಟು ಕಂಡುಕೊಳ್ಳುವುದಕ್ಕೆ ಎಷ್ಟೋ ವರ್ಷ ನೋಡಿರಬೇಕು. ಇವರನ್ನು ‘ಮೇಲ್ವಿಚಾರಕರು’ ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ನನಗೆ ಹಿಡಿಸಿದ್ದು ‘ನಿಗಾ’. ಇದು ಪಾರಸಿಯ ‘ನಿಗಾಹ್’, ನೋಟ. ಎರಡೂ ಭಾಷೆಗೆ ಬಂದಿದೆ. ಆದರೆ ಬೇರೆ ಬೇರೆ ದಾರಿ ಹಿಡಿದಿದೆ. ಮರಾಠಿಯಲ್ಲಿ ‘ನಿಗಾ ರಾಖಣೆ’ ಅಂದರೆ ಆರೈಕೆ ಮಾಡುವುದು. ಕೂದಲಿನ ನಿಗಾ, ಗಿಡದ ನಿಗಾ, ಮಗುವಿನ ನಿಗಾ. ಇಲ್ಲಿಯ ನರ್ಸರಿಯವರು ಗುಲಾಬಿ ಗಿಡ ಕೊಡುವಾಗ ‘ನೀಟ್ ನಿಗಾ ಘ್ಯಾ’ ಅಂತ ಹೇಳಿ ಕಳಿಸುತ್ತಾರೆ. ಕನ್ನಡದಲ್ಲಿ ನೋಟದ ಅರ್ಥವೇ ಗಟ್ಟಿಯಾಗಿ ಉಳಿದಿದೆ. ‘ಹಾಲು ಉಕ್ಕುತ್ತೆ, ನಿಗಾ ಇಡು’ ಅನ್ನುತ್ತೇವೆ. ಆಸ್ಪತ್ರೆಯಲ್ಲಿ ತೀವ್ರ ನಿಗಾ ಘಟಕ ಇದೆ. ಕಾಡಿನ ಕೆಲಸಕ್ಕೆ ಎರಡೂ ಅರ್ಥ ಬೇಕು, ನೋಟವೂ ಆರೈಕೆಯೂ.

ಆದರೆ ಎರಡು ಅನುಮಾನ ಇವೆ. ‘ಪೊಲೀಸರು ಅವನ ಮೇಲೆ ನಿಗಾ ಇಟ್ಟಿದ್ದಾರೆ’ ಅಂತಲೂ ಪೇಪರಿನಲ್ಲಿ ಬರುತ್ತದೆ. ಕಾಡಂಚಿನ ಜನಕ್ಕೆ ಈ ಅರ್ಥವೇ ಮೊದಲು ತಟ್ಟುತ್ತದಾ? ಇನ್ನೊಂದು, ನಿಗಾದಲ್ಲಿ ಎಣಿಕೆ ಇಲ್ಲ, ಬರೆದಿಡುವುದಿಲ್ಲ. ಸುಮ್ನೆ ನೋಡುತ್ತಿದ್ದರೂ ನಿಗಾವೇ. ಅದಕ್ಕೆ ಬರೆದಿಟ್ಟದ್ದನ್ನು ‘ನಿಗಾ ಲೆಕ್ಕ’ ಅಂತ ಕರೆದಿದ್ದೇನೆ. ಕಿವಿಗೆ ಹೇಗಿದೆ ಹೇಳಿ.

ಇನ್ನು ‘ಜೀವಗೋಳ ಮೀಸಲು ಪ್ರದೇಶ’, ಅಂದರೆ ಇಂಗ್ಲಿಷಿನ ‘ಬಯೋಸ್ಫಿಯರ್ ರಿಸರ್ವ್’. ಜೀವಗೋಳದ ಬಗ್ಗೆ ನನ್ನ ತಕರಾರಿಲ್ಲ, ಪಠ್ಯಪುಸ್ತಕದಿಂದ ಮಕ್ಕಳಿಗೂ ಗೊತ್ತು. ನನಗೆ ಚುಚ್ಚುವುದು ‘ಮೀಸಲು’. ಮನೆಯಲ್ಲಿ ಮೊದಲ ಹಾಲು, ಮೊದಲ ಹಣ್ಣು ದೇವರಿಗೆ ಅಂತ ಎತ್ತಿಟ್ಟರೆ ಅದು ಮೀಸಲು. ಬೇರೆಯವರು ಮುಟ್ಟುವ ಹಾಗಿಲ್ಲ. ದೇವರಕಾಡಿಗೆ ಈ ಮಾತು ಒಪ್ಪುತ್ತದೆ. ಕೊಡಗೊಂದರಲ್ಲೇ ಅಂಥವು 1,200ಕ್ಕೂ ಜಾಸ್ತಿ ಇವೆ. ಆದರೆ ಯುನೆಸ್ಕೋ 1971ರಲ್ಲಿ ಶುರು ಮಾಡಿದ ಕಾರ್ಯಕ್ರಮದ ಹೆಸರೇ ‘ಮನುಷ್ಯ ಮತ್ತು ಜೀವಗೋಳ’. ಅದರಲ್ಲಿ ಮನುಷ್ಯ ಮೊದಲೇ ಬರುತ್ತಾನೆ. ನೀಲಗಿರಿ ಜೀವಗೋಳ ನಮ್ಮ ದೇಶದ ಮೊದಲನೆಯದು, 1986ರದ್ದು. ಕರ್ನಾಟಕ, ಕೇರಳ, ತಮಿಳುನಾಡಿಗೆ ಸೇರಿ 5,520 ಚದರ ಕಿಲೋಮೀಟರ್. ಅದರಲ್ಲಿ ಗಟ್ಟಿಯಾಗಿ ಕಾಯುವ ನಡುಭಾಗ ಸುಮಾರು 1,240 ಮಾತ್ರ. ಉಳಿದ ಮುಕ್ಕಾಲಿಗೂ ಮಿಕ್ಕಿದ ಜಾಗದಲ್ಲಿ ಊರು, ಹೊಲ, ಹಾಡಿ, ತೋಟ ಎಲ್ಲ ಇರಬಹುದು. ಅಲ್ಲಿ ಬಾಳುವವರ ಕೈಗೆ ‘ಮೀಸಲು’ ಅನ್ನುವ ಪುಸ್ತಿಕೆ ಕೊಟ್ಟರೆ, ನಮ್ಮನ್ನು ಎಬ್ಬಿಸಲು ಬಂದರು ಅಂತ ಅಂದುಕೊಂಡರೆ ತಪ್ಪೇನು? ಹೆಸರು ಸರ್ಕಾರದ್ದು, ನಾನು ಬದಲಿಸಲಾಗದು. ಒಂದು ಸಲ ಮೇಲೆ ಪೂರ್ತಿ ಹೆಸರು ಬರೆದು, ಒಳಗೆಲ್ಲ ‘ನೀಲಗಿರಿ ಜೀವಗೋಳ’ ಅಂತಷ್ಟೇ ಇಟ್ಟಿದ್ದೇನೆ.

ಒಳವಲಯಗಳ ಹೆಸರು ಬೇಗ ಸಿಕ್ಕವು. ಗಟ್ಟಿಯಾಗಿ ಕಾಯುವ ಆ ನಡುಭಾಗ, ‘ಕೋರ್’ಗೆ ಮರಾಠಿಯಲ್ಲಿ ‘ಗಾಭಾ’, ಬಾಳೆದಿಂಡಿನ ಒಳಗಿನ ಎಳೆ ಭಾಗದ ಹಾಗೆ. ನಾನು ‘ತಿರುಳು’ ಅಂದೆ. ಅದರ ಸುತ್ತಿನ ‘ಬಫರ್’ಗೆ ‘ಕಾಡಂಚು’, ಅದು ಆಗಲೇ ಜನರ ಮಾತಿನಲ್ಲಿದೆ.

ಎಚ್.ಡಿ. ಕೋಟೆ, ಗುಂಡ್ಲುಪೇಟೆ, ಕೊಡಗು ಕಡೆಯವರು ಇಲ್ಲಿದ್ದರೆ ದಯವಿಟ್ಟು ಬರೆಯಿರಿ. ಜೇನು ತೆಗೆಯುವ ಮುಂಚೆ ಯಾವ ಮರದಲ್ಲಿ ಎಷ್ಟು ತಟ್ಟಿ ಕಟ್ಟಿವೆ ಅಂತ ನೋಡಿ ಬರುವುದಕ್ಕೆ ಜೇನುಕುರುಬರು ಏನನ್ನುತ್ತಾರೆ? ಆ ಪದ ಸಿಕ್ಕಿದರೆ ‘ನಿಗಾ’ವನ್ನು ಇವತ್ತೇ ಹೊಡೆದುಹಾಕಿ ಅದನ್ನೇ ಬರೆಯುತ್ತೇನೆ.