ಮುಟ್ಟು 50 ದಿನಕ್ಕೊಮ್ಮೆ: ಯಾವ ಹಾರ್ಮೋನ್ ಟೆಸ್ಟ್, ಯಾವ ದಿನ?

ತುಂಗೆ:
ತಂಗಿಗೆ 26. ಮುಟ್ಟು 45ರಿಂದ 60 ದಿನಕ್ಕೊಮ್ಮೆ, ಗದ್ದದ ಮೇಲೆ ದಪ್ಪ ಕೂದಲು ಬೇರೆ. ಲ್ಯಾಬಿನವರು ‘ಫುಲ್ ಹಾರ್ಮೋನ್ ಪ್ಯಾಕೇಜ್’ ಮಾಡಿಸಿ ಅಂತಾರೆ. ನಿಜಕ್ಕೂ ಬೇಕಾದ್ದು ಯಾವುದು? 21ನೇ ದಿನ ರಕ್ತ ಕೊಡಬೇಕಂತೆ, ಹೌದಾ? ಕೂದಲು ಉದುರುತ್ತೆ ಅಂತ ಬಯೋಟಿನ್ ಮಾತ್ರೆ ತಗೊಳ್ತಿದ್ದಾಳೆ.

ಹೇಮಾವತಿ:
ಪ್ಯಾಕೇಜ್ ಬೇಡ. ಮೊದಲು ಮೂತ್ರದ ಪ್ರೆಗ್ನೆನ್ಸಿ ಟೆಸ್ಟ್. ಮದುವೆಯಾಗಿಲ್ಲ ಅಂತ ಇದನ್ನು ಬಿಡಬಾರದು. ಆಮೇಲೆ ಟಿಎಸ್‌ಎಚ್ (ಥೈರಾಯ್ಡ್ ಟೆಸ್ಟ್), ಪ್ರೊಲ್ಯಾಕ್ಟಿನ್ (ಎದೆಹಾಲಿನ ಹಾರ್ಮೋನ್), ಟೋಟಲ್ ಟೆಸ್ಟೋಸ್ಟಿರೋನ್ (ಗಂಡು ಹಾರ್ಮೋನ್), ಎಸ್‌ಎಚ್‌ಬಿಜಿ (ರಕ್ತದಲ್ಲಿ ಅದನ್ನು ಹಿಡಿದಿಡುವ ಪ್ರೋಟೀನ್), 17-ಹೈಡ್ರಾಕ್ಸಿ ಪ್ರೊಜೆಸ್ಟಿರೋನ್. ಈ ಕೊನೆಯದನ್ನು ಕೇಳಿಯೇ ಬರೆಸಿಕೊಳ್ಳಿ. ಅಡ್ರಿನಲ್ ಗ್ರಂಥಿಯ ಹುಟ್ಟುದೋಷವೊಂದು ಥೇಟ್ ಪಿಸಿಒಎಸ್ (ಗಂಡು ಹಾರ್ಮೋನ್ ಹೆಚ್ಚಿ ಮುಟ್ಟು ಏರುಪೇರಾಗುವ ತೊಂದರೆ) ಹಾಗೇ ಕಾಣುತ್ತದೆ, ಅದು ಸಿಕ್ಕಿಬೀಳುವುದು ಇದರಲ್ಲೇ. ಮುಟ್ಟಿನ 2ರಿಂದ 5ನೇ ದಿನದೊಳಗೆ, ಬೆಳಿಗ್ಗೆ 8ರ ಸುಮಾರಿಗೆ ರಕ್ತ ಕೊಡಲಿ. ಎಫ್‌ಎಸ್‌ಎಚ್ (ಅಂಡ ಬೆಳೆಸುವ ಹಾರ್ಮೋನ್), ಎಸ್ಟ್ರಡಯಾಲ್ (ಹೆಣ್ಣು ಹಾರ್ಮೋನ್) ಕೂಡ ಅದೇ ರಕ್ತದಲ್ಲಿ ಆಗುತ್ತವೆ. ಎಲ್‌ಎಚ್ (ಅಂಡ ಬಿಡುಗಡೆ ಮಾಡಿಸುವ ಹಾರ್ಮೋನ್) ಮತ್ತು ಎಫ್‌ಎಸ್‌ಎಚ್ ಅನುಪಾತ ನೋಡಿ ಪಿಸಿಒಎಸ್ ಅಂದರೆ ಒಪ್ಪಬೇಡಿ, ಆ ಲೆಕ್ಕ ಹಳೆಯದು.

ಇನ್ನೊಂದು: ಮುಟ್ಟಿನ ಏರುಪೇರು ಇದೆ, ಕೂದಲಿನ ಬೆಳವಣಿಗೆ ವೈದ್ಯರ ಕಣ್ಣಿಗೂ ಖಚಿತವಾಗಿದೆ, ಉಳಿದ ಕಾಯಿಲೆಗಳಿಲ್ಲ ಅಂತಾದರೆ ಪಿಸಿಒಎಸ್ ಎನ್ನಲು ಅಷ್ಟು ಸಾಕು. 2023ರ ಅಂತರರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ಆಗ ಅಂಡಾಶಯದ ಸ್ಕ್ಯಾನ್ ಆಗಲಿ ಎಎಮ್‌ಎಚ್ (ಅಂಡಾಶಯದ ಇನ್ನೊಂದು ಹಾರ್ಮೋನ್ ಟೆಸ್ಟ್) ಆಗಲಿ ಬೇಕಿಲ್ಲ. ಆ ದುಡ್ಡಲ್ಲಿ 75 ಗ್ರಾಂ ಗ್ಲೂಕೋಸ್ ಕುಡಿಸಿ ಮಾಡುವ ಶುಗರ್ ಟೆಸ್ಟ್ ಮಾಡಿಸಿ.

ಲ್ಯಾಬ್ ಬೆಂಚ್:
ಬಯೋಟಿನ್ ಕನಿಷ್ಠ 3 ದಿನ ಮೊದಲೇ ನಿಲ್ಲಿಸಿ. ಕೂದಲಿನ ಮಾತ್ರೆಗಳಲ್ಲಿ 5-10 ಮಿ.ಗ್ರಾಂ ಇರುತ್ತೆ, ಅನೇಕ ಟೆಸ್ಟ್ ಕಿಟ್‌ಗಳು ಬಯೋಟಿನ್ ಹಿಡಿದುಕೊಳ್ಳುವ ರಾಸಾಯನಿಕದ ಮೇಲೇ ನಡೆಯುವುದು. ಟಿಎಸ್‌ಎಚ್ ಸುಳ್ಳೇ ಕಮ್ಮಿ, ಟಿ4 (ಥೈರಾಯ್ಡ್ ಹಾರ್ಮೋನ್) ಸುಳ್ಳೇ ಜಾಸ್ತಿ ಬಂದು ಇಲ್ಲದ ಥೈರಾಯ್ಡ್ ಕಾಯಿಲೆ ಹುಟ್ಟಿಕೊಳ್ಳುತ್ತೆ. ಟೆಸ್ಟೋಸ್ಟಿರೋನ್ ಕೂಡ ಕೆಲವು ಕಿಟ್‌ಗಳಲ್ಲಿ ಏರಿ ತೋರಿಸುತ್ತೆ.

ಪ್ರೊಲ್ಯಾಕ್ಟಿನ್ ಇನ್ನೂ ಸೂಕ್ಷ್ಮ. ನಿದ್ದೆಯಲ್ಲಿ ಅದು ಏರಿರುತ್ತೆ, ಹಾಗಾಗಿ ಎದ್ದು ಎರಡು ಗಂಟೆಯಾದರೂ ಕಳೆದಿರಲಿ. ಬಸ್ಸಿಳಿದು ಓಡಿ ಬಂದವರು 20 ನಿಮಿಷ ಕೂತು ಸುಧಾರಿಸಿಕೊಂಡು ತೋಳು ಚಾಚಲಿ. ವಾಂತಿ-ಗ್ಯಾಸ್‌ಗೆ ಕೊಡುವ ಡಾಂಪೆರಿಡೋನ್ ಅದನ್ನು ಜೋರಾಗಿ ಏರಿಸುತ್ತೆ, ತಗೊಂಡಿದ್ದರೆ ಹೇಳಿ. 25ರ ಮಿತಿಗೆ 35 ಬಂತು ಅಂತ ತಲೆಯ ಎಂಆರ್‌ಐಗೆ ಓಡಬೇಡಿ, ಇನ್ನೊಮ್ಮೆ ನೋಡಿ, ಜೊತೆಗೆ ಮ್ಯಾಕ್ರೊಪ್ರೊಲ್ಯಾಕ್ಟಿನ್ (ಸಾಮಾನ್ಯವಾಗಿ ತೊಂದರೆ ಕೊಡದ ದೊಡ್ಡ ಗಾತ್ರದ ಪ್ರೊಲ್ಯಾಕ್ಟಿನ್) ಟೆಸ್ಟ್ ಕೇಳಿ.

ಕಪಿಲಾ:
21ನೇ ದಿನದ ಲೆಕ್ಕ 28 ದಿನದ ಚಕ್ರದವರಿಗೆ. ಅಂಡ ಬಿಡುಗಡೆ ಆಗಿದೆಯಾ ಅಂತ ತಿಳಿಸುವ ಪ್ರೊಜೆಸ್ಟಿರೋನ್ ನೋಡಬೇಕಾದ್ದು ಮುಂದಿನ ಮುಟ್ಟಿಗೆ 7 ದಿನ ಮುಂಚೆ. 50 ದಿನದ ಚಕ್ರಕ್ಕೆ ಅದು 43ನೇ ದಿನ. 21ಕ್ಕೇ ಕೊಟ್ಟರೆ ಅಂಡ ಬಿಡುಗಡೆ ಆಗುವವಳಿಗೂ ‘ಆಗಿಲ್ಲ’ ಅಂತ ಬರುತ್ತೆ.

ಗರ್ಭನಿರೋಧಕ ಮಾತ್ರೆ ನುಂಗುತ್ತಿದ್ದರೆ ಟೆಸ್ಟೋಸ್ಟಿರೋನ್ ಲೆಕ್ಕಕ್ಕೆ ಬರಲ್ಲ, ಬಿಟ್ಟು 3 ತಿಂಗಳಾಗಬೇಕು. ಡಾಕ್ಟರನ್ನು ಕೇಳದೆ ಬಿಡುವುದು ಬೇಡ. ಕೆಲವೇ ತಿಂಗಳಲ್ಲಿ ದನಿ ಗಡಸಾಗಿ ಕೂದಲು ಹಬ್ಬಿದರೆ, ಅಥವಾ ಮೊಲೆಯಿಂದ ಹಾಲಿನಂಥ ದ್ರವದ ಜೊತೆ ತಲೆನೋವು, ಕಣ್ಣು ಮಂಜಾದರೆ ಮುಟ್ಟಿನ ದಿನ ಕಾಯಬೇಡಿ, ಆ ವಾರವೇ ಎಂಡೋಕ್ರಿನಾಲಜಿಸ್ಟ್‌ಗೆ (ಹಾರ್ಮೋನ್ ತಜ್ಞರಿಗೆ) ತೋರಿಸಿ.