ಪದ ಬೇಕು: ನೆರೆನೀರು ಒಳಗೆ ಬರಲು ಬಿಡುವ ಗೋಡೆಯ ತೂತಿಗೆ ಏನೆನ್ನೋಣ?

ಎಲ್ಲರಿಗೂ ನಮಸ್ಕಾರ. ನೆರೆಗೆ ಸಿಕ್ಕಿದ ನಗರಗಳಲ್ಲಿ ಮನೆ ಮತ್ತೆ ಕಟ್ಟುವ ಬಗ್ಗೆ ಒಂದು ಕೈಪಿಡಿ ಅನುವಾದಿಸುತ್ತಿದ್ದೇನೆ. ‘ವೆಟ್ ಫ್ಲಡ್‌ಪ್ರೂಫಿಂಗ್’ ಹತ್ತಿರ ಗಾಡಿ ನಿಂತಿದೆ. ಹಳೇ ಕರಡಿನಲ್ಲಿ ‘ಜಲನಿರೋಧಕ’ ಅಂತಿದೆ. ಅರ್ಥ ಪೂರ್ತಿ ಉಲ್ಟಾ! ಇಲ್ಲಿ ನೀರನ್ನು ತಡೆಯುವುದಿಲ್ಲ, ಬೇಕಂತಲೇ ಒಳಗೆ ಬಿಡುತ್ತಾರೆ. ಹೊರಗೆ ಒಂದು ಮೀಟರ್ ನೀರು ನಿಂತು ಒಳಗೆ ಖಾಲಿ ಇದ್ದರೆ, ಗೋಡೆಯ ಪ್ರತಿ ಮೀಟರ್ ಉದ್ದವನ್ನೂ ಸುಮಾರು 500 ಕಿಲೋ ಭಾರ ತಳ್ಳಿದ ಹಾಗೆ. ಒಳಗೂ ಅಷ್ಟೇ ನೀರು ಬಂದರೆ ಸಮ, ಗೋಡೆ ಉಳಿಯುತ್ತದೆ. ಅದಕ್ಕೆ ವಾಸವನ್ನು ಮೇಲಿನ ಮಹಡಿಗೆ ಇಟ್ಟು, ಕೆಳಗೋಡೆಯ ಬುಡದಲ್ಲಿ ತೂತು ಬಿಡುತ್ತಾರೆ. ಈ ‘ಫ್ಲಡ್ ವೆಂಟ್’ಗೆ ಕನ್ನಡ ಏನು? ಪಕ್ಕದಲ್ಲಿ ಬೋರ್ಡ್ ಬೇರೆ ಹಾಕಬೇಕು. ನಾಳೆ ಬೆಳಗ್ಗೆ ಅಚ್ಚಿಗೆ.

ಮರು: ಪ್ರವಾಹದ್ವಾರ.

ಮರು: ಬೇಡವೇ ಬೇಡ. ‘ವಹ್’ ಧಾತು, ಪ್ರವಾಹ ಅಂದರೆ ಹರಿವು. ನೀವು ಹೇಳುತ್ತಿರುವುದು ನಿಂತ ನೀರು. ಅಲ್ಲದೆ ಅಚ್ಚಗನ್ನಡದ ‘ನೆರೆ’ ಇರುವಾಗ ಸಾಲ ಯಾಕೆ? ನೆರೆಕಿಂಡಿ ಅನ್ನಿ.

ಮರು: ನೆರೆಕಿಂಡಿ ಅಂದರೆ ನೆರೆಮನೆಗೆ ಇಣುಕುವ ಕಿಂಡಿ ಅಂದ್ಕೊಳ್ತಾರೆ ರಾಯರೇ.

ಮರು: ನೀರಿನ ನೆರೆ ‘ತುಂಬು’ ಎನ್ನುವ ಅರ್ಥದ್ದು, ಹಳಗನ್ನಡದ ಶಕಟರೇಫ (ಱ) ಇರುವ ನೆಱೆ. ಆ ಅಕ್ಷರ ಬಿಟ್ಟ ಮೇಲೇ ಈ ಗೋಜಲು. ತಪ್ಪು ಪದದ್ದಲ್ಲ.

ಮರು: ಸರಿ, ಬೋರ್ಡ್ ಮೇಲೆ ಱ ಬರೆಸಿ. ಓದೋರು ಯಾರು ಅಂತ ನೋಡೋಣ. ಸುಮ್ನೆ ‘ವೆಂಟ್’ ಅಂತ ಬಿಡಿ, ಬಸ್ಸು ರೈಲು ಬರಲಿಲ್ವಾ?

ಮರು: ಕಟ್ಟಡದ ಕೆಲಸದವಳು ನಾನು. ‘ವೆಂಟ್’ ಅಂದರೆ ಜನ ಗಾಳಿಗೆ ಅಂದುಕೊಳ್ಳುತ್ತಾರೆ. ಚಳಿ ಬಂದಾಗ ಹಳೇ ಬಟ್ಟೆ ತುರುಕುತ್ತಾರೆ. ಹಾಗೆ ತುರುಕಿದ ಗೋಣಿಚೀಲವನ್ನು ನಾನೇ ಎಳೆದು ತೆಗೆದಿದ್ದೇನೆ, ಒಳಗೆ ಇಲಿ ಮರಿ ಹಾಕಿತ್ತು. ಪದದಲ್ಲಿ ನೀರು ಇರಲೇಬೇಕು.

ಮರು: ಹಾಗಾದರೆ ತೂಬು! ಕೆರೆಗೆ ಇರುವಂತೆ ಗೋಡೆಗೂ. ಗೋಡೆತೂಬು.

ಮರು: ಚೆನ್ನಾಗಿದೆ, ಆದರೆ ತೂಬನ್ನು ಯಾರಾದರೂ ಎತ್ತಬೇಕು, ಮುಚ್ಚಬೇಕು. ನೆರೆ ಬರುವ ಹೊತ್ತಿಗೆ ಮನೆಯಲ್ಲಿ ಯಾರೂ ಇರುವುದಿಲ್ಲ. ಇದು ತಾನಾಗೇ ಕೆಲಸ ಮಾಡಬೇಕು. ಒಂದು ಸಾಲದು, ಬೇರೆ ಬೇರೆ ಗೋಡೆಯಲ್ಲಿ ಎರಡಾದರೂ ಬೇಕು. ಅಮೆರಿಕದ ನಿಯಮದಲ್ಲಿ ತೂತಿನ ಕೆಳಅಂಚು ನೆಲದಿಂದ ಒಂದು ಅಡಿಯೊಳಗೇ ಇರಬೇಕು. ನನ್ನ ಮತ ‘ನೀರುಗಂಡಿ’ಗೆ. ಗಂಡಿ ಅಂದರೆ ತೆರೆದೇ ಇರುವುದು.

ಮರು: ಅದೇ ಕೈಪಿಡಿಯಲ್ಲಿ ‘ಸಸ್ಟೇನಬಲ್ ಹೌಸಿಂಗ್’ಗೆ ‘ಸುಸ್ಥಿರ ವಸತಿ’ ಅಂತ ಬೇರೆ ಇರುತ್ತೆ, ಅಲ್ವಾ? ನೆದರ್ಲೆಂಡ್ಸಿನ ಮಾಸ್‌ಬೊಮ್ಮೆಲ್‌ನಲ್ಲಿ ನದಿ ಏರಿದರೆ ಮನೆಗಳೇ ಐದೂವರೆ ಮೀಟರ್‌ವರೆಗೆ ತೇಲಿ ಏರುತ್ತವೆ. ಅವು ಯಾವ ಸುಸ್ಥಿರ? ಇನ್ನು ಇಂಥ ಮನೆಗೆ ಇಂಗ್ಲಿಷಿನಲ್ಲಿರುವ ‘ಆಂಫಿಬಿಯಸ್ ಹೌಸ್’ ಅನ್ನು ‘ಉಭಯವಾಸಿ ಗೃಹ’ ಅಂತ ಮಾಡಿದ್ದನ್ನು ನೋಡಿದ್ದೇನೆ. ಕಪ್ಪೆಗೆ ಕಟ್ಟಿದ ಮನೆ ಅನ್ಸುತ್ತೆ.

ಮರು: ಸಂಸ್ಕೃತ ಕಂಡರೆ ಕೆಲವರಿಗೆ ಮೈ ಉರಿ. ‘ಗೃಹ’ ಬೇಡ ಅನ್ನುವವರು ‘ಗೃಹಪ್ರವೇಶ’ಕ್ಕೆ ಕರೆಯೋಲೆ ಹೇಗೆ ಅಚ್ಚು ಹಾಕಿಸುತ್ತಾರೋ.

ಮರು: ಮನೆಯೊಕ್ಕಲು ಅಂತ ಹಾಕಿಸುತ್ತಾರೆ. ಗೊತ್ತಿಲ್ಲದಿದ್ದರೆ ಕೇಳಬೇಕು.

ಮರು: ಜಗಳ ಮುಂದುವರಿಸಿ, ನಾನು ಹೊರಟೆ. ‘ನೀರುಗಂಡಿ. ಮುಚ್ಚಬೇಡಿ.’ ಅಂತ ಕಳಿಸಿದ್ದೇನೆ. ಕಟ್ಟಡದ ಮೇಡಂಗೆ ಥ್ಯಾಂಕ್ಸ್. ಅಚ್ಚಿನವರ ಫೋನ್ ಬಂತು: ‘ನೀರು’, ‘ಗಂಡಿ’ ಮಧ್ಯೆ ಜಾಗ ಬಿಡಬೇಕಾ ಅಂತ.

ಮರು: ಬಿಡಬಾರದು. ಸಮಾಸ. ಆದರೆ ನೀರ್ಗಂಡಿ ಆಗಬೇಕಿತ್ತು.